ಬಿದ್ದೆ, ಬೀಳಿಸಿತು: ಲ್ಯೂನೆಬುರ್ಗರ್ ಹೈಡೆಯ ಕುದುರೆಗಳ ನಡುವೆ

ಉತ್ತರ ಜರ್ಮನಿಯ ನೀಡರ್‌ಸಾಕ್ಸನ್ ರಾಜ್ಯದಲ್ಲಿ ಕುದುರೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ರಾಜ್ಯದ ಲಾಂಛನವೇ ಕೆಂಪು ಹಿನ್ನೆಲೆಯ ಮೇಲೆ ನೆಗೆಯುವ ಬಿಳಿ ಕುದುರೆ. ಹಳ್ಳಿಗಳಲ್ಲಿ ಹಳೆಯ ಮನೆಗಳ ಸೂರಿನ ತುದಿಯಲ್ಲಿ ಮರದಲ್ಲಿ ಕೆತ್ತಿದ ಎರಡು ಕುದುರೆ ತಲೆಗಳು ಕತ್ತರಿಯ ಹಾಗೆ ಅಡ್ಡಡ್ಡ ನಿಂತಿರುತ್ತವೆ. ಸೆಲ್ಲೆ ಎಂಬ ಪಟ್ಟಣದಲ್ಲಿ 1735ರಲ್ಲಿ ಎರಡನೇ ಜಾರ್ಜ್ ದೊರೆ ಸ್ಥಾಪಿಸಿದ ಅಶ್ವಶಾಲೆ ಇಂದಿಗೂ ರಾಜ್ಯ ಸರ್ಕಾರದ ಕೈಯಲ್ಲಿ ನಡೆಯುತ್ತಿದೆ. ಆತ ಆಗ ಹ್ಯಾನೋವರ್‌ಗೂ ಬ್ರಿಟನ್ನಿಗೂ ಒಬ್ಬನೇ ದೊರೆ. ಶರತ್ಕಾಲದಲ್ಲಿ ಅಲ್ಲಿ ಗಂಡು ಕುದುರೆಗಳ ಮೆರವಣಿಗೆ ನೋಡಲು ಜನ ಟಿಕೆಟ್ ಕೊಂಡು ಬರುತ್ತಾರೆ. ಫೆರ್ಡೆನ್ ಊರಿನಲ್ಲಿ ಕುದುರೆಗಳದ್ದೇ ಒಂದು ಮ್ಯೂಸಿಯಂ ಇದೆ.

ಇಂಥ ಊರಲ್ಲಿ ಮಕ್ಕಳನ್ನು ಬೆಳೆಸಿದರೆ ಎಂಟು ಒಂಬತ್ತು ವರ್ಷಕ್ಕೆ "ಅಮ್ಮಾ, ನಾನೂ ಪೋನಿಹೋಫ್‌ಗೆ ಹೋಗ್ತೀನಿ" ಎಂಬ ಬೇಡಿಕೆ ಬರದೆ ಇರದು. ಪೋನಿಹೋಫ್ ಅಂದರೆ ಕುದುರೆಮರಿ ಗಾತ್ರದ ಪೋನಿಗಳಿರುವ ತೋಟದ ಮನೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಂದು ವಾರ ಅಲ್ಲಿ ಬಿಟ್ಟು ಬರುತ್ತಾರೆ. ಮಕ್ಕಳು ಅಲ್ಲೇ ಮಲಗಿ, ಅಲ್ಲೇ ಉಂಡು, ಲಾಯ ಗುಡಿಸಿ, ಪೋನಿ ಸವಾರಿ ಕಲಿತು ಬರುತ್ತವೆ. ಕಷ್ಟ ಹೇಳಿಕೊಂಡವರಿಗೆ ಇಲ್ಲಿನವರು "ಜೀವನ ಪೋನಿಹೋಫ್ ಅಲ್ಲ" ಎಂದು ಬುದ್ಧಿ ಹೇಳುವುದುಂಟು. ಪೋನಿಹೋಫ್ ಕೂಡ ಯಾವಾಗಲೂ ಪೋನಿಹೋಫ್ ಅಲ್ಲ ಎಂದು 2023ರ ಆಗಸ್ಟ್‌ನಲ್ಲಿ ನಮಗೆ ಗೊತ್ತಾಯಿತು.

ನಾವಿರುವುದು ಗ್ಯೋಟಿಂಗನ್‌ನಲ್ಲಿ. ಎ7 ಹೆದ್ದಾರಿ ಹಿಡಿದು ಉತ್ತರಕ್ಕೆ ಎರಡು ಗಂಟೆ ಹೋದರೆ ಲ್ಯೂನೆಬುರ್ಗರ್ ಹೈಡೆ. ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬಯಲೆಲ್ಲ ನೇರಳೆ. ಮೊಣಕಾಲೆತ್ತರದ ಹೈಡೆ ಗಿಡಗಳು, ನಡುನಡುವೆ ಕಪ್ಪು ಹಸಿರಿನ ಜುನಿಪರ್, ಹೈಡ್‌ಶ್ನುಕೆ ಎಂಬ ಕೊಂಬಿನ ಕುರಿಗಳ ಮಂದೆ. ಕುರಿ ಮೇಯದಿದ್ದರೆ ಕೆಲವೇ ವರ್ಷದಲ್ಲಿ ಇದೆಲ್ಲ ಕಾಡಾಗುತ್ತದೆ. ಅಂದರೆ ನಾವು ಕಾಡುಬಯಲು ಎಂದು ನೋಡಲು ಹೋಗುವುದು ಕುರುಬರು ಕಾಪಾಡಿಕೊಂಡು ಬಂದ ಜಾಗ. ಇಲ್ಲಿನ ಎತ್ತರದ ಶಿಖರ ವಿಲ್ಸೆಡರ್ ಬೆರ್ಗ್ 169 ಮೀಟರ್! ನಂದಿ ಬೆಟ್ಟ ಹತ್ತಿದವರು ಇದನ್ನು ದಿಬ್ಬ ಎಂದಾರು. ಕೆಳಗಿರುವ ವಿಲ್ಸೆಡೆ ಹಳ್ಳಿಗೆ ಕಾರಿಲ್ಲ. ನಡೆದು ಹೋಗಬೇಕು, ಸೈಕಲ್ ತುಳಿಯಬೇಕು, ಇಲ್ಲವೇ ಊಂಡೆಲೋ ಕಡೆಯಿಂದ ಕುದುರೆಗಾಡಿ ಹತ್ತಬೇಕು. ನಾನು ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವವಳು. ಈ ಬೂದಿಬಣ್ಣದ ಹುಳಿ ಮರಳನ್ನು ಕಂಡರೆ ನನ್ನ ಕೈ ತಾನಾಗಿ ಚೀಲಕ್ಕೆ ಹೋಗುತ್ತದೆ. ಮಗಳಿಗೆ ಅದೇ ಮರಳು ಪೋನಿ ಓಡುವ ದಾರಿ.

ನಾಲ್ಕನೇ ದಿನ ಮಧ್ಯಾಹ್ನ ಫೋನ್ ಬಂತು. ಏಳು ಮಕ್ಕಳು ಸಾಲಾಗಿ ಮರಳುದಾರಿಯಲ್ಲಿ ಸವಾರಿ ಹೋಗಿದ್ದರು. ನಮ್ಮವಳು ಕೆಳಗೆ ಬಿದ್ದಿದ್ದಳು. ಹೆಲ್ಮೆಟ್ ಇತ್ತು, ಎಚ್ಚರವಿದ್ದಾಳೆ, ಎಡ ಮೊಣಕೈ ಸರಿ ಇದ್ದ ಹಾಗಿಲ್ಲ. ನಾವು ತಲುಪುವಷ್ಟರಲ್ಲಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಗಿತ್ತು. ಮೊಣಕೈಗೆ ತುಸು ಮೇಲೆ ಮೂಳೆ ಮುರಿದಿತ್ತು. ಅದೇ ರಾತ್ರಿ ಶಸ್ತ್ರಚಿಕಿತ್ಸೆ ಮಾಡಿ ತಂತಿ ಕೂರಿಸಿದರು. ಮಕ್ಕಳಲ್ಲಿ ಇದು ಅಪರೂಪದ ಮುರಿತವಲ್ಲ, ಸಾಮಾನ್ಯವಾಗಿ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಮೂಳೆ ಬೆಳೆಯುವ ತುದಿ ಹತ್ತಿರದಲ್ಲೇ ಇರುವುದರಿಂದ ಕೈ ನೇರವಾಗಿ ಬೆಳೆಯುತ್ತದೆಯೇ ಎಂದು ಮುಂದೆಯೂ ನೋಡುತ್ತಿರಬೇಕು ಎಂದರು ವೈದ್ಯೆ. ಈ "ಮುಂದೆಯೂ" ಎಂಬ ಮಾತನ್ನು ನೆನಪಿಡಿ, ಹಣದ ಮಾತು ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಮರುದಿನ ಅವಳ ಅಜ್ಜಿಗೆ ವಿಡಿಯೋ ಕಾಲ್. ನನ್ನಮ್ಮ ಕುಣಿಗಲ್‌ನವರು. ಟಿಪ್ಪುವಿನ ಕಾಲದ್ದು ಎಂದು ಊರಿನವರೆಲ್ಲ ಹೆಮ್ಮೆಯಿಂದ ಹೇಳುವ ಕುದುರೆ ಫಾರಂ ಅವರ ಬಾಲ್ಯದ ನೆರೆಮನೆ. ಕುದುರೆಯ ವಿಷಯದಲ್ಲಿ ಅಮ್ಮನಿಗೆ ಮಾತು ಕಡಿಮೆಯಿಲ್ಲ.

"ಏನಾಯ್ತು ಮಗಾ?"

"ನಾನು ಬಿದ್ದೆ ಅಜ್ಜಿ."

"ಅದು ಹೆಂಗೆ ಬಿದ್ದೆ? ಗಟ್ಟಿಯಾಗಿ ಹಿಡ್ಕೊಂಡಿರ್ಲಿಲ್ವಾ?"

ಮಗಳು ಸುಮ್ಮನಾದಳು. ಅದೇ ಬೆಳಿಗ್ಗೆ ಅವಳು ಪಕ್ಕದ ಹಾಸಿಗೆಯ ಹುಡುಗಿಗೆ ಜರ್ಮನ್‌ನಲ್ಲಿ ಐದು ನಿಮಿಷ ಹೇಳಿದ್ದನ್ನು ನಾನು ಕೇಳಿದ್ದೆ. ಹುಲ್ಲಿನ ಉಂಡೆಗೆ ಸುತ್ತಿದ ಪ್ಲಾಸ್ಟಿಕ್ ಗಾಳಿಗೆ ಪಟಪಟ ಬಡಿದದ್ದು, ಪೋನಿ ಪಕ್ಕಕ್ಕೆ ಹಾರಿದ್ದು, ಬೆನ್ನು ಬಾಗಿಸಿ ಹಿಂಗಾಲು ಎತ್ತಿ ಕುಪ್ಪಳಿಸಿದ್ದು, ಸಾಲಿನ ಮುಂದಿದ್ದ ದೊಡ್ಡ ಹುಡುಗಿ ತಿರುಗಿ ನೋಡುವಷ್ಟರಲ್ಲಿ ತಾನು ನೆಲದಲ್ಲಿದ್ದದ್ದು. ಅಷ್ಟನ್ನೂ ಹೇಳಬಲ್ಲ ಹುಡುಗಿ ಕನ್ನಡದಲ್ಲಿ ಹೇಳಿದ್ದು ಎರಡೇ ಪದ. ನಮ್ಮ ಮನೆಯ ಕನ್ನಡ ಅಡುಗೆಮನೆಯದು, ಸ್ನಾನದ್ದು, "ಬೇಗ ಮಲಗು"ವಿನದು. ಲಾಯದ ಕನ್ನಡ ಅವಳಿಗೆ ಎಲ್ಲಿಂದ ಬರಬೇಕು?

ಅಮ್ಮನೇ ಮತ್ತೆ ಕೇಳಿದರು: "ಕುದುರೆ ಬೆದರ್ತಾ?"

"ಬೆದರ್ತಾ ಅಂದ್ರೆ?"

ಅಮ್ಮ ಫೋನಿನ ಮುಂದೆ ಕಣ್ಣರಳಿಸಿ, ಕತ್ತು ಎಳೆದು, ಪಕ್ಕಕ್ಕೆ ಹಾರಿ ತೋರಿಸಿದರು. ಅರವತ್ತೆಂಟರ ಹೆಂಗಸು. ಮಗಳು ನೋವಿನಲ್ಲೂ ನಕ್ಕಳು. "ಹೂಂ ಅಜ್ಜಿ, ಬೆದರ್ತು! ಆಮೇಲೆ ನನ್ನ ಬೀಳಿಸ್ತು."

ಬಿದ್ದೆ ಮತ್ತು ಬೀಳಿಸಿತು. ಕನ್ನಡ ಒಂದು "ಇಸು" ಸೇರಿಸಿ ಕೆಲಸ ಮುಗಿಸುತ್ತದೆ. ನಾನು ಅವತ್ತು ಸಂಜೆಯೇ ಅವಳು ಎರಡು ಭಾಷೆಯಲ್ಲೂ ಹೇಳಿದ್ದನ್ನು ಅವಳ ಮಾತಿನಲ್ಲೇ, ಗಂಟೆ ತಾರೀಖು ಹಾಕಿ ಬರೆದಿಟ್ಟೆ. ಪ್ರಯೋಗಾಲಯದ ಅಭ್ಯಾಸ, ಅಷ್ಟೇ. ಮೂರು ವಾರಗಳ ನಂತರ ಅದು ಕೆಲಸಕ್ಕೆ ಬಂತು.

ಮೂರು ವಾರಕ್ಕೆ ಬಂದದ್ದು ನಮ್ಮ ಆರೋಗ್ಯ ವಿಮೆಯ ಕ್ರಾಂಕೆನ್‌ಕಾಸೆಯಿಂದ ಒಂದು ಪ್ರಶ್ನಾವಳಿ. ಜರ್ಮನಿಯಲ್ಲಿರುವವರು ಇದನ್ನು ಒಂದಲ್ಲ ಒಂದು ದಿನ ಕಾಣುತ್ತೀರಿ: ಉನ್‌ಫಾಲ್‌ಫ್ರಾಗೆಬೋಗೆನ್, ಅಪಘಾತದ ಪ್ರಶ್ನಾವಳಿ. ಎಲ್ಲಾಯಿತು, ಹೇಗಾಯಿತು, ಬೇರೆಯವರು ಅಥವಾ ಬೇರೆಯವರ ಪ್ರಾಣಿ ಕಾರಣವೇ? ಕಾಸೆ ಆಸ್ಪತ್ರೆಗೆ ಹಣ ಕಟ್ಟಿರುತ್ತದೆ. ಬೇರೆ ಯಾರಾದರೂ ಹೊಣೆಯಾಗಿದ್ದರೆ ಆ ಹಣವನ್ನು ಅವರಿಂದ ವಾಪಸು ಪಡೆಯುವ ಹಕ್ಕು ಕಾನೂನಿನಂತೆ ಕಾಸೆಗೇ ಹೋಗುತ್ತದೆ. ಅದಕ್ಕೇ ಈ ಕಾಗದ. ನಿಮ್ಮನ್ನು ಅನುಮಾನಿಸಿ ಕಳಿಸಿದ್ದಲ್ಲ. ಆದರೆ ನೀವು ಅಲ್ಲಿ ಬರೆಯುವ ಎರಡು ಸಾಲು ಮುಂದಿನ ಎಲ್ಲಕ್ಕೂ ಬುನಾದಿ. "ಕುದುರೆಯಿಂದ ಬಿದ್ದಳು" ಎಂದು ಬರೆದರೆ ಕಥೆ ಮುಗಿಯಿತು. ಆಸ್ಪತ್ರೆಯ ಚೀಟಿಯಲ್ಲೂ ಜರ್ಮನ್‌ನಲ್ಲಿ ಹಾಗೇ ಇತ್ತು, ಬರೀ ಎರಡು ಮೂರು ಪದ. ವೈದ್ಯರಿಗೆ ಮೂಳೆ ಮುಖ್ಯ, ಕುದುರೆ ಅಲ್ಲ. ನಾನು ಮಗಳ ಮಾತನ್ನು ಪೂರ್ತಿ ಬರೆದೆ: ಪೋನಿ ಪ್ಲಾಸ್ಟಿಕ್ಕಿಗೆ ಬೆದರಿ, ಪಕ್ಕಕ್ಕೆ ಹಾರಿ, ಕುಪ್ಪಳಿಸಿ ಬೀಳಿಸಿತು.

ಯಾಕೆ ಇಷ್ಟು ಮುಖ್ಯ? ಜರ್ಮನಿಯ ಸಿವಿಲ್ ಸಂಹಿತೆ, ಬೇಗೆಬೇ ಎಂದು ಕರೆಯುವ ಗ್ರಂಥ, 1900ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ 833ನೇ ಕಲಮಿನ ಮೊದಲ ವಾಕ್ಯದ ಸಾರ ಇಷ್ಟು: ಪ್ರಾಣಿಯಿಂದ ಮನುಷ್ಯನಿಗೆ ಗಾಯವಾದರೆ, ಆ ಪ್ರಾಣಿಯನ್ನು ಇಟ್ಟುಕೊಂಡವರು ನಷ್ಟ ತುಂಬಿಕೊಡಬೇಕು. ಅವರ ತಪ್ಪು ಇದೆಯೇ ಎಂಬ ಪ್ರಶ್ನೆಯೇ ಇಲ್ಲ. ಪ್ರಾಣಿ ತನ್ನ ಸ್ವಭಾವದಂತೆ ನಡೆದುಕೊಂಡಿತು, ಅದನ್ನು ಯಾರೂ ಪೂರ್ತಿ ಹಿಡಿದಿಡಲಾರರು. ಆದರೂ ಅದನ್ನು ಸಾಕುವ ಸುಖ ಯಾರದೋ ಅಪಾಯವೂ ಅವರದೇ. ನಮ್ಮಲ್ಲಿ ದನದ ಬಗ್ಗೆ "ಮುಂದೆ ಹೋದರೆ ಹಾಯುತ್ತೆ, ಹಿಂದೆ ಹೋದರೆ ಒದೆಯುತ್ತೆ" ಎನ್ನುತ್ತಾರಲ್ಲ, ಅದನ್ನೇ ಇವರು ಕಾನೂನಿಗೆ ಬರೆದಿಟ್ಟಿದ್ದಾರೆ. ಕುದುರೆ ಬೆದರಿತು, ಒದೆಯಿತು, ಕಚ್ಚಿತು, ಓಡಿಹೋಯಿತು, ಇವೆಲ್ಲ ಇದರೊಳಗೆ ಬರುತ್ತವೆ. ಕುದುರೆ ತನ್ನ ಪಾಡಿಗೆ ಸರಿಯಾಗಿ ನಡೆಯುತ್ತಿದ್ದು ಸವಾರನೇ ಆಯ ತಪ್ಪಿ ಜಾರಿದರೆ ಬರುವುದಿಲ್ಲ. "ಬಿದ್ದೆ"ಗೆ ಏನೂ ಇಲ್ಲ, "ಬೀಳಿಸಿತು"ಗೆ ಕಲಮು ಇದೆ.

ಇನ್ನೊಂದು ಮಾತು. ತಾನಾಗಿ ಕುದುರೆ ಹತ್ತಿದವರಿಗೂ ಈ ರಕ್ಷಣೆ ಇದೆ. ಹತ್ತಿದ್ದೇ ಅಪರಾಧ ಎನ್ನುವಂತಿಲ್ಲ. ಅಸಾಧಾರಣ ಅಪಾಯವನ್ನು ಗೊತ್ತಿದ್ದೂ ಮೈಮೇಲೆ ಎಳೆದುಕೊಂಡರೆ ಮಾತ್ರ ಬೇರೆ ಲೆಕ್ಕ. ಸವಾರರ ಕಡೆಯ ತಪ್ಪಿದ್ದರೆ ಅಷ್ಟರ ಮಟ್ಟಿಗೆ ಮೊತ್ತ ಕಡಿಮೆಯಾಗುತ್ತದೆ.

ಹಾಗಾದರೆ ಎಲ್ಲ ಸಲೀಸು ಎಂದುಕೊಳ್ಳಬೇಡಿ. 1908ರಲ್ಲಿ ಈ ಕಲಮಿಗೆ ಎರಡನೇ ವಾಕ್ಯ ಸೇರಿಸಿದರು. ಪ್ರಾಣಿ ಒಡೆಯನ ಹೊಟ್ಟೆಪಾಡಿಗೆ ದುಡಿಯುವ ಸಾಕುಪ್ರಾಣಿಯಾಗಿದ್ದು, ಒಡೆಯ ತಕ್ಕ ಎಚ್ಚರ ವಹಿಸಿದ್ದನ್ನು ತೋರಿಸಿಕೊಟ್ಟರೆ ಆತ ಬಿಡುಗಡೆ. ರೈತನ ಎತ್ತು, ಗಾಡಿಯವನ ಕುದುರೆ ನೆನಪಿಟ್ಟುಕೊಂಡು ಮಾಡಿದ ರಿಯಾಯಿತಿ. ಹೀಗಾಗಿ ಕುದುರೆ ಒದ್ದಾಗ ಇಲ್ಲಿನ ವಕೀಲರು ಮೊದಲು ಕೇಳುವುದು ಎಷ್ಟು ಜೋರಾಗಿ ಒದೆಯಿತು ಎಂದಲ್ಲ, ಈ ಕುದುರೆಗೆ ಏನು ಕೆಲಸ ಎಂದು.

ಇದು ಗೊತ್ತಾದ ಮೇಲೆ ಹೈಡೆಯಲ್ಲಿ ನಡೆಯುವುದೇ ಬೇರೆ ಅನುಭವ. ಅಕ್ಟೋಬರ್‌ನಲ್ಲಿ ಮಗಳ ಕೈಯ ತಂತಿ ತೆಗೆದ ಮೇಲೆ ಮತ್ತೊಮ್ಮೆ ಹೋದೆವು. ಹೂವು ಒಣಗಿ ಬಯಲೆಲ್ಲ ಕಂದು, ಜನ ಕಡಿಮೆ. ಊಂಡೆಲೋದಲ್ಲಿ ದಪ್ಪ ಕಾಲಿನ ಎರಡು ಕುದುರೆಗಳು ಪ್ರವಾಸಿಗರ ಗಾಡಿಗೆ ಕಟ್ಟಿಸಿಕೊಂಡು ನಿಂತಿದ್ದವು. ಇವು ದುಡಿಯುವ ಕುದುರೆಗಳು, ಎರಡನೇ ವಾಕ್ಯದವು. ನೀಲಿ ದುಂಡು ಫಲಕದ ಮೇಲೆ ಬಿಳಿ ಸವಾರನ ಚಿತ್ರವಿದ್ದ ದಾರಿಯಲ್ಲಿ ಒಬ್ಬಾಕೆ ತನ್ನ ಹೊಂಬಣ್ಣದ ಹಾಫ್ಲಿಂಗರ್ ಮೇಲೆ ಕೂತು ಎದುರಾದಳು. ಅದು ಶೋಕಿಯ ಕುದುರೆ, ಮೊದಲ ವಾಕ್ಯದ್ದು. ಅದು ಯಾರನ್ನಾದರೂ ಒದ್ದರೆ ಆಕೆ ಎಷ್ಟೇ ಎಚ್ಚರವಾಗಿದ್ದರೂ ಹೊಣೆ ಆಕೆಯದೇ. ಊರಾಚೆ ಸವಾರಿ ಸಂಘವೊಂದರ ಅಂಗಳದಲ್ಲಿ ಮಕ್ಕಳು ಓಡುವ ಕುದುರೆಯ ಬೆನ್ನ ಮೇಲೆ ನಿಂತು ಕಸರತ್ತು ಮಾಡುತ್ತಿದ್ದರು. ಲಾಭಕ್ಕಲ್ಲದ ಸಂಘಗಳ ಕುದುರೆಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಹೊಟ್ಟೆಪಾಡಿನ ಪ್ರಾಣಿ ಎಂದು ಒಪ್ಪುವುದಿಲ್ಲ, ಹಾಗಾಗಿ ಅವೂ ಮೊದಲ ವಾಕ್ಯಕ್ಕೇ. ಮೂರೂ ಕುದುರೆಗಳು ಒಂದೇ ಹುಲ್ಲು ತಿನ್ನುತ್ತವೆ, ಪ್ಲಾಸ್ಟಿಕ್ಕಿಗೆ ಮೂರೂ ಒಂದೇ ರೀತಿ ಬೆದರುತ್ತವೆ. ಮಗುವಿನ ಕೈ ಮುರಿದರೆ ಮಾತ್ರ ಎರಡು ಬೇರೆ ದಾರಿ. ಇದು ನ್ಯಾಯವೇ ಎಂದು ಜರ್ಮನ್ನರಲ್ಲೇ ವಾದವಿದೆ. ಮಗುವಿನ ಕಡೆಯಿಂದ ನೋಡುವ ನನಗೆ ಆ ಎರಡನೇ ವಾಕ್ಯ ಹಳೆಯ ಕಾಲದ ಉಳಿಕೆಯಾಗಿ ಕಾಣುತ್ತದೆ.

ನಮ್ಮ ಮಗಳ ಪೋನಿ ಎರಡನೇ ವಾಕ್ಯದ್ದು, ರಜೆಯ ಮಕ್ಕಳಿಂದ ನಡೆಯುವ ತೋಟದ್ದು. ಕೇಳುವುದೋ ಬೇಡವೋ ಎಂಬುದೇ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಅಮ್ಮನ ಮಾತು ಸ್ಪಷ್ಟವಾಗಿತ್ತು: "ಅವರ ಮನೇಲಿ ಉಂಡು ಬಂದು ಅವರ ಮೇಲೇ ಕೇಸು ಹಾಕ್ತೀಯೇನೆ? ಮಗು ಉಳೀತಲ್ಲ, ಅಷ್ಟು ಸಾಕು." ನನ್ನ ಗಂಡನಿಗೆ ಬೇರೆ ಚಿಂತೆ, ವೀಸಾ ನವೀಕರಣ ಹತ್ತಿರ ಬರುತ್ತಿದೆ, ಕೋರ್ಟು ಕಚೇರಿ ಯಾಕೆ ಎಂದು. ಇಬ್ಬರ ಮಾತಿನಲ್ಲೂ ಅರ್ಥವಿದೆ, ಆದರೆ ಎರಡೂ ಇಲ್ಲಿಗೆ ಹೊಂದುವುದಿಲ್ಲ. ಇದು ಸಿವಿಲ್ ವ್ಯವಹಾರ. ಪೊಲೀಸರಿಲ್ಲ, ಆರೋಪಿ ಇಲ್ಲ, ವಾಸದ ಪರವಾನಗಿಗೆ ಸಂಬಂಧವೂ ಇಲ್ಲ. ಉಂಡ ಮನೆಯ ಲೆಕ್ಕಕ್ಕೆ ಉತ್ತರ ಕೊಟ್ಟದ್ದು ತೋಟದೊಡತಿಯೇ. ನಾನು ಸಂಕೋಚದಿಂದ ಫೋನ್ ಮಾಡಿದಾಗ ಆಕೆ ತನ್ನ ವಿಮೆ ಕಂಪನಿಯ ಹೆಸರನ್ನೂ ಪಾಲಿಸಿ ಸಂಖ್ಯೆಯನ್ನೂ ತಾನೇ ಹೇಳಿ ಬರೆಸಿದಳು. "ಅದಕ್ಕೇ ಅಲ್ಲವೇ ವರ್ಷವರ್ಷ ಕಟ್ಟುವುದು" ಎಂದಳು. ಆಮೇಲೆ ಮಗಳ ಕೈ ಹೇಗಿದೆ ಎಂದು ವಿಚಾರಿಸಿದಳು.

ನಾನು ಅಮ್ಮನಿಗೆ ಹೇಳಿದ್ದು ಹೀಗೆ: ಕನ್ನಡದಲ್ಲಿ ತಪ್ಪು ಬೇರೆ, ಹೊಣೆ ಬೇರೆ. ಅವರ ತಪ್ಪು ಅಂತ ನಾವು ಹೇಳ್ತಿಲ್ಲ, ಹೊಣೆ ಅಂತ ಕೇಳ್ತಿದ್ದೀವಿ. ಅಮ್ಮ ಅರೆಮನಸ್ಸಿನಿಂದ "ಹಂಗಾದ್ರೆ ಸರಿ" ಎಂದರು. ಒಪ್ಪಿದರೋ, ಇನ್ನು ವಾದ ಬೇಡ ಎಂದುಕೊಂಡರೋ ಗೊತ್ತಿಲ್ಲ.

ವಿಮೆಯವರು ಅಷ್ಟು ಸುಲಭದ ಗಿರಾಕಿಗಳಲ್ಲ. ಮೊದಲ ಪತ್ರದಲ್ಲಿ ಪೂರ್ತಿ ನಿರಾಕರಣೆ: ಪೋನಿ ಮಕ್ಕಳಿಗೆಂದೇ ಪಳಗಿಸಿದ್ದು, ಬೀಳುವುದು ಸವಾರಿಯ ಒಂದು ಭಾಗ, ತಂದೆತಾಯಿ "ಸವಾರಿ ಸ್ವಂತ ಹೊಣೆಯಲ್ಲಿ" ಎಂಬ ಕಾಗದಕ್ಕೆ ಸಹಿ ಹಾಕಿದ್ದಾರೆ. ಸಹಿ ಹಾಕಿದ್ದು ನಿಜ. ಅಂಥ ಕಾಗದಕ್ಕೆ ಹಾಕದೆ ಯಾವ ತೋಟವೂ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಆದರೆ ಅಚ್ಚು ಹಾಕಿಸಿಟ್ಟ ಷರತ್ತಿನಿಂದ, ತಮ್ಮ ಅಜಾಗರೂಕತೆಯಿಂದಾದ ದೇಹದ ಗಾಯದ ಹೊಣೆಯನ್ನು ಕಳಚಿಕೊಳ್ಳಲು ಬೇಗೆಬೇಯ 309ನೇ ಕಲಮು ಬಿಡುವುದಿಲ್ಲ. ಲಾಯದ ಗೋಡೆಯ ಫಲಕಕ್ಕೂ ಇದೇ ಮಾತು. ಆ ಸಹಿ ನೆನೆಸಿಕೊಂಡು ಸುಮ್ಮನಾಗುವ ಅಗತ್ಯವಿಲ್ಲ.

ಆಗ ನಾವು ವಕೀಲರ ಬಳಿ ಹೋದೆವು. ಜರ್ಮನಿಯಲ್ಲಿ "ಗೆದ್ದರೆ ಇಷ್ಟು ಪಾಲು" ಎಂಬ ಒಪ್ಪಂದಕ್ಕೆ ವಕೀಲರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಫೀಸು ಕಾನೂನಿನ ಪಟ್ಟಿಯಂತೆ, ಮೊದಲ ಸಲಹೆಗೆ ಮಿತಿ ಇದೆ. ಎದುರು ಪಕ್ಷದ ಹೊಣೆ ಸ್ಥಿರವಾದರೆ ಅಗತ್ಯವಾದ ವಕೀಲರ ಖರ್ಚೂ ನಷ್ಟದ ಭಾಗವಾಗಿ ಅವರಿಂದಲೇ ಬರುತ್ತದೆ. ಆದಾಯ ಕಡಿಮೆ ಇದ್ದವರಿಗೆ ಸ್ಥಳೀಯ ನ್ಯಾಯಾಲಯದಲ್ಲಿ ಸಲಹಾ ನೆರವಿನ ಚೀಟಿ ಸಿಗುತ್ತದೆ. ಪಿಎಚ್‌ಡಿ ವಿದ್ಯಾರ್ಥಿಗಳ ಕುಟುಂಬಗಳು ಇದನ್ನು ತಿಳಿದಿರಲಿ.

ನಮ್ಮ ವಕೀಲೆ ಬರೆದದ್ದು ಒಂದೂವರೆ ಪುಟ. ಎಚ್ಚರ ವಹಿಸಿದ್ದೇವೆ ಎಂದು ತೋರಿಸಬೇಕಾದವರು ನೀವು, ಮಗು ಅಲ್ಲ. ಹಾಗಾದರೆ ತೋರಿಸಿ. ನಾಲ್ಕು ದಿನದ ಸವಾರಿ ಕಲಿತ ಒಂಬತ್ತು ವರ್ಷದವಳನ್ನು ಬೇಲಿಯಿಲ್ಲದ ದಾರಿಗೆ ಕರೆದೊಯ್ಯುವ ತೀರ್ಮಾನ ಯಾರದು? ಏಳು ಮಕ್ಕಳಿಗೆ ಹದಿನೇಳರ ಹುಡುಗಿ ಒಬ್ಬಳೇ ಜೊತೆ ಹೋದದ್ದೇಕೆ? ಸಾಲಿನ ಹಿಂದೆ ಯಾರಿದ್ದರು? ಈ ಪೋನಿ ಹಿಂದೆಂದಾದರೂ ಬೆದರಿತ್ತೇ? ಇದಕ್ಕೆ ನಮ್ಮ ಬಳಿ ಇದ್ದ ಆಧಾರ ಮಗಳ ಹೇಳಿಕೆ, ಇನ್ನಿಬ್ಬರು ಮಕ್ಕಳ ತಾಯಂದಿರ ಮಾತು, ಆ ದಾರಿಯ ಫೋಟೋ, ಒಂದು ಬದಿ ಸೀಳಿದ ಹೆಲ್ಮೆಟ್. ಹೆಲ್ಮೆಟ್ ಎಸೆಯಬೇಡಿ. ಮತ್ತೆ ಬಳಸಲೂಬೇಡಿ.

ಎರಡನೇ ಪತ್ರಕ್ಕೆ ವಿಮೆಯವರ ದನಿ ಬದಲಾಯಿತು. ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಅವರು ಕೊಟ್ಟದ್ದರಲ್ಲಿ ಎರಡು ಬಗೆ. ಒಂದು ಲೆಕ್ಕ ತೋರಿಸಬಹುದಾದ ನಷ್ಟ: ಆಸ್ಪತ್ರೆಗೆ ನಾವು ಓಡಾಡಿದ ಖರ್ಚು, ಹಾಳಾದ ಕನ್ನಡಕ, ಪೂರ್ತಿಯಾಗದ ರಜೆಯ ಶುಲ್ಕ. ಇನ್ನೊಂದು ಶ್ಮೆರ್ಟ್ಸೆನ್ಸ್‌ಗೆಲ್ಡ್. ಪದಕ್ಕೆ ಪದ ಇಟ್ಟರೆ "ನೋವಿನ ಹಣ". ನಮ್ಮ "ಪರಿಹಾರ"ಕ್ಕಿಂತ ನನಗೆ ಈ ಮಾತು ಇಷ್ಟ. ಪರಿಹಾರ ಎಂದರೆ ಏನೋ ಬಗೆಹರಿಯಿತು ಎಂಬ ಭಾವ. ಇವರು ಮಗುವಿಗೆ ನೋವಾಯಿತು ಎಂದು ನೇರವಾಗಿ ಒಪ್ಪಿ ಹಣ ಎಣಿಸುತ್ತಾರೆ. ಇದಕ್ಕೆ ಸಿದ್ಧ ದರಪಟ್ಟಿ ಇಲ್ಲ. ಹಿಂದಿನ ತೀರ್ಪುಗಳನ್ನು ಗಾಯದ ಪ್ರಕಾರ ಸೇರಿಸಿದ ದಪ್ಪ ಪುಸ್ತಕಗಳಿವೆ, ಅವನ್ನು ಮುಂದಿಟ್ಟುಕೊಂಡು ಎರಡೂ ಕಡೆಯವರು ಎಳೆದಾಡುತ್ತಾರೆ.

ಆಗಲೇ ಆ "ಮುಂದೆಯೂ" ಬಂತು. ಹಣದ ಜೊತೆ ಒಂದು ಹಾಳೆ ಬಂದಿತ್ತು, ಆಬ್‌ಫಿಂಡುಂಗ್ಸ್‌ಎರ್‌ಕ್ಲೇರುಂಗ್. ಈ ಮೊತ್ತ ಪಡೆದ ಮೇಲೆ ಈಗಿನದೂ ಇನ್ನು ಬರುವುದೂ ಎಲ್ಲ ತೀರಿತು ಎಂಬ ಬರಹ. ದೊಡ್ಡವರ ಮೂಳೆಗಾದರೆ ಒಪ್ಪಬಹುದೇನೋ. ಒಂಬತ್ತು ವರ್ಷದ ಮೊಣಕೈ ಇನ್ನೂ ಕೆಲವು ವರ್ಷ ಬೆಳೆಯಬೇಕು. ಅದು ಓರೆಯಾಗಿ ಬೆಳೆದರೆ ಮತ್ತೊಂದು ಶಸ್ತ್ರಚಿಕಿತ್ಸೆ. ವಕೀಲೆ ಆ ಹಾಳೆಯನ್ನು ವಾಪಸು ಕಳಿಸಿ, ಇಂದು ಕಾಣದ ಮುಂದಿನ ಹಾನಿಯ ಹಕ್ಕು ಮಗುವಿಗೆ ಉಳಿಯಬೇಕು, ಅದಕ್ಕೆ ಕಾಲಮಿತಿಯ ನೆಪ ಹೇಳಬಾರದು ಎಂದು ಬರೆಸಿಕೊಂಡರು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಹಣಕ್ಕಿಂತ ಆ ಒಂದು ಸಾಲು ನಮಗೆ ಬೇಕಿತ್ತು. ಮೂಳೆ ತಜ್ಞರ ಬಳಿ ವರ್ಷಕ್ಕೊಮ್ಮೆ ಹೋಗುತ್ತೇವೆ. ಎರಡೂ ಕೈ ಚಾಚಿಸಿ ಕೋನ ಅಳೆಯುತ್ತಾರೆ.

ಕಾಲಮಿತಿಯ ಮಾತು ಬಂದದ್ದರಿಂದ: ಜರ್ಮನಿಯಲ್ಲಿ ಸಾಮಾನ್ಯ ಅವಧಿ ಮೂರು ವರ್ಷ, ಎಣಿಕೆ ಶುರುವಾಗುವುದು ಘಟನೆಯೂ ಹೊಣೆಗಾರರೂ ಗೊತ್ತಾದ ವರ್ಷದ ಕೊನೆಯಿಂದ. 2023ರ ಆಗಸ್ಟಿನದಕ್ಕೆ 2026ರ ಡಿಸೆಂಬರ್ 31. ಮಗು ದೊಡ್ಡದಾಗಲಿ ಎಂದು ಕಾನೂನು ಕಾಯುವುದಿಲ್ಲ, ತಂದೆತಾಯಿಗೆ ಗೊತ್ತಾದರೆ ಮಗುವಿಗೆ ಗೊತ್ತಾದಂತೆ. ಇಂಗ್ಲೆಂಡ್‌ನಲ್ಲಿರುವ ನನ್ನ ತಂಗಿಗೆ ಇದು ಆಶ್ಚರ್ಯ. ಅಲ್ಲಿ ಮೂರು ವರ್ಷದ ಎಣಿಕೆ ಮಗುವಿಗೆ ಹದಿನೆಂಟಾದ ಮೇಲೆ, ಅಂದರೆ ಇಪ್ಪತ್ತೊಂದರವರೆಗೆ ಸಮಯ. ಮಗುವಿನ ಪರವಾಗಿ ರಾಜಿಯಾದರೆ ನ್ಯಾಯಾಲಯದ ಒಪ್ಪಿಗೆಯೂ ಬೇಕು. ಅಲ್ಲಿನ 1971ರ ಪ್ರಾಣಿ ಕಾಯ್ದೆಯಲ್ಲೂ ತಪ್ಪಿಲ್ಲದ ಹೊಣೆ ಇದೆ. ಬೆದರಿ ಹೊಲದಿಂದ ಹೆದ್ದಾರಿಗೆ ನುಗ್ಗಿದ ಕುದುರೆಗಳಿಂದ ಗಾಯಗೊಂಡ ಕಾರಿನವನ ಪರವಾಗಿ 2003ರಲ್ಲಿ ಅಲ್ಲಿನ ಉನ್ನತ ಪೀಠ ತೀರ್ಪು ಕೊಟ್ಟಿದೆ. ಆದರೆ ಅಪಾಯವನ್ನು ತಿಳಿದು ಒಪ್ಪಿ ಹತ್ತಿದ ಸವಾರರು ಅಲ್ಲಿ ಸೋಲುವುದುಂಟು. ಅಮೆರಿಕದವರದು ತಿರುಗುಮುರುಗು: ಬಹುತೇಕ ರಾಜ್ಯಗಳಲ್ಲಿ ಕುದುರೆ ಸವಾರಿಯ ಸಹಜ ಅಪಾಯಗಳಿಗೆ ಲಾಯದವರು ಹೊಣೆಯಲ್ಲ ಎಂಬ ಕಾನೂನೇ ಇದೆ. ಬಾಗಿಲಲ್ಲಿ ದೊಡ್ಡ ಫಲಕ ಕಂಡರೆ ಓದಿ, ಅಲ್ಲಿ ಅದಕ್ಕೆ ತೂಕವಿದೆ. ಸಡಿಲವಾದ ಜೀನು, ಮಗುವಿಗೆ ಹೊಂದದ ಕುದುರೆ, ಇಂಥವು ಮಾತ್ರ ಸಾಮಾನ್ಯವಾಗಿ ಆ ರಕ್ಷಣೆಯ ಹೊರಗೆ.

ಮಗು ಶಾಲೆಯ ಪ್ರವಾಸದಲ್ಲಿ ಪೋನಿಹೋಫ್‌ಗೆ ಹೋಗಿದ್ದರೆ ಜರ್ಮನಿಯಲ್ಲಿ ದಾರಿಯೇ ಬೇರೆ. 1971ರಿಂದ ಶಾಲಾಮಕ್ಕಳು ಸರ್ಕಾರಿ ಅಪಘಾತ ವಿಮೆಯ ಅಡಿಯಲ್ಲಿದ್ದಾರೆ. ಅದು ಚಿಕಿತ್ಸೆಯನ್ನು ಕೊನೆಯವರೆಗೂ ನೋಡಿಕೊಳ್ಳುತ್ತದೆ, ನೋವಿನ ಹಣ ಮಾತ್ರ ಕೊಡುವುದಿಲ್ಲ. ಆಸ್ಪತ್ರೆಗೆ ಹೋದ ಕೂಡಲೇ "ಶಾಲೆಯ ಪ್ರವಾಸ" ಎಂದು ಹೇಳಿ.

ಲಾಯದ ಕನ್ನಡ ಈಗ ನಮ್ಮ ಮನೆಗೆ ಬಂದಿದೆ. ವಾರಕ್ಕೊಮ್ಮೆ ಅಜ್ಜಿಯ ಪಾಠ: ಜೀನು, ಲಗಾಮು, ಗೊರಸು, ಜೂಲು, ಕೆನೆಯುವುದು. ಮಗಳು ಅಜ್ಜಿಗೆ ಜರ್ಮನ್ ಪದ ಕಲಿಸುತ್ತಾಳೆ, ಅಜ್ಜಿ ಅವನ್ನು ಕುಣಿಗಲ್ ಧಾಟಿಯಲ್ಲಿ ಹೇಳಿ ನಗಿಸುತ್ತಾರೆ. ಕುಪ್ಪಳಿಸುವುದಕ್ಕೆ ಅಮ್ಮನ ಬಳಿ ನಾಲ್ಕು ಪದಗಳಿವೆ, ಒಂದೆರಡು ಮಕ್ಕಳ ಮುಂದೆ ಹೇಳುವಂಥವಲ್ಲ. ನೋವಿನ ಹಣ ಮಗಳ ಹೆಸರಿನ ಖಾತೆಯಲ್ಲಿದೆ, ಅದು ಅವಳದು, ನಮ್ಮದಲ್ಲ. ಅದರಲ್ಲಿ ಸವಾರಿಯ ಬೂಟು ಕೊಳ್ಳಬಹುದೇ ಎಂದು ಎರಡು ಸಲ ಕೇಳಿದ್ದಾಳೆ.

ಹೌದು, ಮತ್ತೆ ಕುದುರೆ ಹತ್ತುತ್ತಾಳೆ. ಈ ವಸಂತದಲ್ಲಿ ಅವಳ ಗೆಳತಿಯ ತಾಯಿ, ಊರಾಚೆ ಸ್ವಂತ ಕುದುರೆ ಇಟ್ಟಿರುವಾಕೆ, ಭಾನುವಾರ ಬರಲು ಕರೆದಳು. ಜರ್ಮನಿಯಲ್ಲಿ ಕುದುರೆಗೆ ವಿಮೆ ಮಾಡಿಸುವುದು ಕಡ್ಡಾಯವಲ್ಲ. ಮನೆಮನೆಯಲ್ಲಿರುವ ಸಾಮಾನ್ಯ ಹೊಣೆ ವಿಮೆಗೆ ಬೆಕ್ಕು ಸೇರುತ್ತದೆ, ಕುದುರೆ ಸೇರುವುದಿಲ್ಲ. ಕುದುರೆಯ ವಿಮೆ ಇದ್ದರೂ ಬೇರೆಯವರು ಹತ್ತಿದಾಗಿನ ಅಪಾಯ ಅದರಲ್ಲಿ ಸೇರಿದೆಯೇ ಎಂದು ಕೇಳಬೇಕು. ನಾನು ಕೇಕ್ ಡಬ್ಬಿ ಹಿಡಿದು ಹೋಗಿ, ಕಾಫಿ ಬಗ್ಗಿಸಿಕೊಳ್ಳುತ್ತಾ ಅದನ್ನೇ ಕೇಳಿದೆ. ಆಕೆಗೆ ಒಂಚೂರೂ ಬೇಸರವಾಗಲಿಲ್ಲ. ಜೀನುಗಳ ಕೋಣೆಗೆ ಹೋಗಿ, ಕುಂಚ ಬ್ರಷ್ಷುಗಳ ನಡುವಿನ ತಗಡಿನ ಡಬ್ಬಿಯಿಂದ ಮಡಿಸಿದ ಕಾಗದ ತಂದು, ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು: ಬೇರೆ ಸವಾರರೂ ಸೇರಿದ್ದಾರೆ. ಅಷ್ಟರಲ್ಲಿ ಹೊರಗೆ ಮಕ್ಕಳಿಬ್ಬರೂ ಹೆಲ್ಮೆಟ್ ಬಿಗಿದುಕೊಂಡು, ಕುದುರೆಯ ಹೊಟ್ಟೆಯ ಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆಯಲು ಒದ್ದಾಡುತ್ತಿದ್ದರು.